ಹೆಂಡತಿಯ ಕಿವಿಯೊಳಗೊಬ್ಬ ಗಂಡಸು

"ಒಂದೇ ವಾರ! ಆ ಕಂಠವನ್ನ ನಿನ್ನ ಕಿವಿಯಿಂದ ಓಡಿಸದಿದ್ರೆ ನನ್ನ ಹೆಸರೇ ಬದಲಾಯಿಸ್ಕೋತೀನಿ!" ಎಂದು ಕನ್ನಡಕದಂಗಡಿಯ ಯಜಮಾನರು ಗುಡುಗಿದರು.

ಹೆಂಡತಿ ಹೆದರಲಿಲ್ಲ. ಹೆದರಬೇಕಾದರೆ ಮೊದಲು ಕೇಳಿಸಬೇಕಲ್ಲ! ಆಕೆಯ ಎರಡೂ ಕಿವಿಗೆ ಇಯರ್‌ಫೋನಿನ ಬಿರಡೆ ಬಿದ್ದಿತ್ತು. ಒಳಗೆ ಯಾರೋ ಪರಪುರುಷ ಹಾಡುತ್ತಿದ್ದ. ಆಕೆ ಹೊಲಿಗೆ ಯಂತ್ರದ ಮುಂದೆ ಕೂತು, ಅಂಗಿಗೆ ತೋಳು ಕೂಡಿಸುತ್ತಾ ತಲೆದೂಗುತ್ತಿದ್ದಳು.

ಮದುವೆಯಾದ ಹೊಸದರಲ್ಲಿ ಆ ತಲೆ ತೂಗುತ್ತಿದ್ದುದು ಯಜಮಾನರ ಹಾಡಿಗೆ. ಆಗ ಮನೆಯಲ್ಲಿದ್ದ ಟೇಪ್ ರೆಕಾರ್ಡರು ವಾರಕ್ಕೆರಡು ಸಲ ಕ್ಯಾಸೆಟ್ಟು ನುಂಗುತ್ತಿತ್ತು. ಆಕೆ ಪೆನ್ಸಿಲ್ ತೂರಿಸಿ ಟೇಪು ಸುತ್ತುವಷ್ಟು ಹೊತ್ತು, ನಿಂತ ಹಾಡನ್ನು ಇವರೇ ಮುಂದುವರಿಸುತ್ತಿದ್ದರು. "ನಿಮ್ಮ ದನಿಯೇ ವಾಸಿ" ಎಂದು ಆಕೆ ಒಂದು ಸಲ ಹೇಳಿದ್ದಳು. ಆ ಒಂದು ಮಾತಿನ ಬಲದ ಮೇಲೆ ಇವರು ಇಪ್ಪತ್ತು ವರ್ಷ ಹಾಡಿದ್ದರು! ಈಗಿನ ಯಂತ್ರಗಳೋ, ಕೆಡುವುದೇ ಇಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಕೇಳುವ ಕಾಲ ಹೋಗಿ, ಒಂದೊಂದು ಕಿವಿಗೆ ಒಬ್ಬೊಬ್ಬ ಗಾಯಕ ಬಂದು ಕೂತಿದ್ದಾನೆ.

ಯಜಮಾನರು ಒಂದು ಬಿರಡೆ ಕಿತ್ತು ಕೂಗಿದರು. "ನನಗೆ ಹೊಟ್ಟೆ ಉರೀತಿದೆ ಕಣೇ!"

"ಕಪಾಟಿನಲ್ಲಿ ಮಾತ್ರೆ ಇದೆ, ತಗೊಳ್ಳಿ."

ಬಿರಡೆ ಮತ್ತೆ ಒಳಗೆ ಹೋಯಿತು.

ಮರುದಿನವೇ ಯಜಮಾನರು ಅಂಗಡಿಯ ಮೇಲಿನ ಮಹಡಿಗೆ ದಂಡೆತ್ತಿ ಹೋದರು. ಅಲ್ಲೊಂದು ಧ್ವನಿಮುದ್ರಣದ ಕೋಣೆ. ಮೇಜಿನ ತುಂಬ ಗುಂಡಿಗಳನ್ನಿಟ್ಟುಕೊಂಡು ಕೂತ ತಂತ್ರಜ್ಞನಿಗೆ ಗುಂಡಿ ಮೇಷ್ಟ್ರು ಎಂದೇ ಹೆಸರು. ಯಜಮಾನರು ತಾವೇ ಕಟ್ಟಿದ ಹಾಡನ್ನು ಹಾಡಿದರು. "ನಿನ್ನ ಕಣ್ಣ ಬೆಳಕಿಗೆ ಗಾಜಿನ ಹಂಗು ಯಾತಕೆ..."

ಮೇಷ್ಟ್ರು ಅದನ್ನು ಹಾಗೇ ತಿರುಗಿಸಿ ಕೇಳಿಸಿದ. ಯಜಮಾನರು ಬೆಚ್ಚಿಬಿದ್ದರು.

"ಯಾರ್ರೀ ಅದು? ಕಬ್ಬಿಣದ ಬಾಗಿಲು ಎಳೆದ ಹಾಗಿದೆ!"

"ನೀವೇ ಸಾರ್."

"ಛೆ! ಇಷ್ಟು ವರ್ಷ ಒಳಗಿಂದ ಬೇರೆ ಥರ ಕೇಳಿಸ್ತಿತ್ತಲ್ಲಾ!"

"ಚಿಂತೆ ಬಿಡಿ. ಈಗ ಹಾಡೋದು ಅರ್ಧ ಬಾಯಿ, ಅರ್ಧ ಗುಂಡಿ."

ಒಂದೊಂದು ಸಾಲನ್ನೂ ಹತ್ತು ಹತ್ತು ಸಲ ಹಾಡಿಸಿ, ಕತ್ತರಿಸಿ, ಅಂಟಿಸಿ, ತಪ್ಪಿದ ಸ್ವರವನ್ನೆಲ್ಲ ಕಿವಿ ಹಿಂಡಿ ಕೂರಿಸಿದ. ಮೂರನೇ ದಿನ ಹೊರಬಂದದ್ದು ಜೇನು! ಗುಂಡಿ ಒತ್ತಿದವನು ಮೇಷ್ಟ್ರು. ಗುಂಡಿಗೆ ಬಿದ್ದವರು ಯಜಮಾನರು. ಆದರೆ ಅದು ಅವರಿಗಿನ್ನೂ ಗೊತ್ತಿರಲಿಲ್ಲ. ಹೆಂಡತಿ ಸ್ನಾನಕ್ಕೆ ಹೋದಾಗ ಹಾಡನ್ನು ಆಕೆಯ ಫೋನಿಗೆ ಸದ್ದಿಲ್ಲದೆ ಸೇರಿಸಿಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಹೊಲಿಗೆ ಯಂತ್ರ ತಾನಾಗಿ ನಿಂತಿತು.

"ರೀ, ಇಲ್ಲಿ ಬನ್ನಿ! ಯಾರೋ ಹೊಸಬ. ಎಂಥಾ ದನಿ! ಕಣ್ಣಿನ ಬಗ್ಗೆ ಎಷ್ಟು ಚೆನ್ನಾಗಿ ಹಾಡಿದಾನೆ ಕೇಳಿ. ನೀವೂ ಇದ್ದೀರಿ, ದಿನಾ ಊರವರ ಕಣ್ಣು ನೋಡ್ತೀರಿ. ನನ್ನ ಕಣ್ಣಿನ ಮೇಲೆ ಒಂದು ಸಾಲು ಹೇಳಿದ್ದುಂಟಾ?"

ಯಜಮಾನರ ಎದೆ ಉಬ್ಬಿತು. ಅರ್ಧ ಗಂಟೆಯ ಮೇಲೆ ಇಳಿಯಿತು. ಆಕೆ ಬಿರಡೆ ಕಿತ್ತಿಟ್ಟು, ಬಟ್ಟೆ ಹೊಲಿಸಲು ಬಂದವರಿಗೆಲ್ಲ ಆ ಹಾಡು ಕೇಳಿಸತೊಡಗಿದಳು. ಅನ್ನ ಬಡಿಸುವಾಗ ಅವನು, ಪಾತ್ರೆ ತೊಳೆಯುವಾಗ ಅವನು! ತಡೆಯಲಾರದೆ ಯಜಮಾನರು ಜೊತೆಗೆ ದನಿ ಸೇರಿಸಿದರು.

"ಸ್ವಲ್ಪ ಸುಮ್ನಿರ್ತೀರಾ? ಆತ ಕೇಳಿಸ್ತಿಲ್ಲ."

ತಮ್ಮ ಹಾಡಿಗೆ ತಾವೇ ಅಡ್ಡ ಬಂದ ಅಪರಾಧ! ಈ ಹೊಟ್ಟೆಕಿಚ್ಚಿಗೆ ಯಾವ ಮಾತ್ರೆಯೂ ಇರಲಿಲ್ಲ. ಬೇರೆ ಗಾಯಕನಾಗಿದ್ದರೆ ಬೈಯಬಹುದಿತ್ತು. ಇವನನ್ನು ಬೈದರೆ ತಮಗೇ ತಗಲುತ್ತಿತ್ತು.

"ಅವನು ನಾನೇ ಕಣೇ!" ಎಂದು ಕೊನೆಗೆ ಒದರಿದರು.

ಆಕೆ ಮರುಕದಿಂದ ನೋಡಿದಳು. "ಅಸೂಯೆಗೂ ಒಂದು ಮಿತಿ ಬೇಡ್ವೇನ್ರೀ?"

ಯಜಮಾನರು ಚಪ್ಪಲಿ ಮೆಟ್ಟುವುದನ್ನೂ ಮರೆತು ಮಹಡಿ ಹತ್ತಿದರು. ಗುಂಡಿ ಮುಟ್ಟುವ ಮೊದಲಿನ ಹಾಡನ್ನು ತಂದು ಆಕೆಯ ಮುಂದೆ ಹಾಕಿದರು. ಕೆಮ್ಮು, ಏದುಸಿರು, ನಡುವೆ "ಮೇಷ್ಟ್ರೇ, ಸ್ವಲ್ಪ ನೀರು" ಎಂಬ ಮೊರೆ, ಎಲ್ಲವೂ ಇತ್ತು. ಆಕೆ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಜವಾಗ್ಲೂ ನೀವೇನೇ! ಹಾಡು ನನ್ನ ಮೇಲೇನಾ?"

"ಮತ್ತೆ ಪಕ್ಕದ ಮನೆಯವಳ ಮೇಲಾ?"

"ಇದನ್ನೂ ನನ್ನ ಫೋನಿಗೆ ಹಾಕಿ. ದಿನಾ ಬೇಕು ನನಗೆ."

ಯಜಮಾನರು ಗೆದ್ದರು! ನಯಗೊಳಿಸಿದ ಆ ಕಳ್ಳನನ್ನು ಸೋಲಿಸಿ, ಸ್ವಂತ ಕಂಠದಿಂದಲೇ ಹೆಂಡತಿಯ ಕಿವಿಯನ್ನು ಮರಳಿ ಪಡೆದಿದ್ದರು. ಆ ಸಂತೋಷದಲ್ಲೇ ಮಲಗಿದರು.

ಬೆಳಿಗ್ಗೆ ಆರಕ್ಕೆ ದಿಂಬಿನ ಪಕ್ಕದಲ್ಲಿ ಕಬ್ಬಿಣದ ಬಾಗಿಲು ಎಳೆದಂತಾಯಿತು. ಯಜಮಾನರು ದಡಬಡಿಸಿ ಎದ್ದು ಕೂತರು. ಅವರದೇ ದನಿ!

"ಬೆಳಬೆಳಿಗ್ಗೆನೇ ನನ್ನ ಹಾಡಾ?" ಎಂದರು ಹಿಗ್ಗುತ್ತಾ.

"ಹಾಡಲ್ಲಾರೀ, ಅಲಾರಂ" ಎಂದಳು ಹೆಂಡತಿ, ಫೋನಿಗೆ ಕೈ ಚಾಚುತ್ತಾ. "ಅವನು ಹಾಡಿದ್ರೆ ಇನ್ನೂ ಸ್ವಲ್ಪ ಹೊತ್ತು ಮಲಗೋಣ ಅನ್ಸುತ್ತೆ. ನೀವು ಹಾಡಿದ್ರೆ ನಿಲ್ಲಿಸೋಕಾದ್ರೂ ಏಳಲೇಬೇಕು!"