ಮುಂದಿನ ಸೀಟು ಅಪ್ಪನಿಗೋ, ಮಗನಿಗೋ

ಅಪ್ಪ-ಅಮ್ಮ ಬೆಳೆದ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೊರಟರೆಂದರೆ ಒಂದು ರಂಪ ಆಗದೆ ಗಾಡಿ ಮುಂದಕ್ಕೆ ಹೋಗುವುದಿಲ್ಲ. ಮೆತ್ತನೆ ಜಾಗ ಯಾರಿಗೆ, ಬರೀ ಹಲಗೆ ಯಾರಿಗೆ ಎನ್ನುವುದೇ ತಕರಾರು. ನಾನು ಮಿಡ್ಲ್ ಸ್ಕೂಲು ಅರ್ಧಕ್ಕೆ ಬಿಟ್ಟವನು. ಯಾವ ಕೆಲಸದಲ್ಲೂ ವರ್ಷ ತುಂಬ ನಿಲ್ಲದೆ ಹರಿಹರ, ದಾವಣಗೆರೆ ನಡುವೆ ಬಸ್ಸು, ರೈಲು ಅಂತ ತಿರುಗಿದವನು. ಹೋದಲ್ಲೆಲ್ಲ ಈ ತಕರಾರು ಹುಡುಕಿಕೊಂಡು ಬಂದು ನನ್ನ ಕೊರಳಿಗೇ ಬಿತ್ತು.

೧. ಹಸಿ ಮೂಳೆ

ಮೊದಲ ಸಲ ಬಿದ್ದದ್ದು ನನಗೆ ಹದಿನಾಲ್ಕು ವರ್ಷವಾಗಿದ್ದಾಗ. ದಾವಣಗೆರೆಯಲ್ಲಿ ನಮ್ಮ ಸೋದರತ್ತೆ ಇದ್ದಳು. ಅವಳಿಗೆ ಒಂದು ಗಡಿಗೆ ತುಪ್ಪ ಕೊಟ್ಟು ಬರಲು ಅಪ್ಪ ನನ್ನನ್ನೂ ಕರೆದುಕೊಂಡು ಭಾನುವಳ್ಳಿಯಲ್ಲಿ ಬಸ್ಸು ಹತ್ತಿದ. ಆಗಿನ ಬಸ್ಸುಗಳಲ್ಲಿ ಡ್ರೈವರ್ ಪಕ್ಕದ ಸೀಟಿಗೆ ಮಾತ್ರ ದಿಂಬು. ಉಳಿದದ್ದೆಲ್ಲ ಹಲಗೆ. ಅಪ್ಪ ಸೀದಾ ಹೋಗಿ ಆ ದಿಂಬಿನ ಮೇಲೆ ಕೂತ. ನಾನು ಪಕ್ಕದಲ್ಲಿ ಒತ್ತಿಕೊಳ್ಳಲು ನೋಡಿದೆ. ಗಡಿಗೆ ನನ್ನ ಕೈಗಿಟ್ಟು ಟಾಪ್ ತೋರಿಸಿದ.

"ನಿನ್ನ ಮೂಳೆ ಇನ್ನೂ ಹಸಿ ಅದಾವೆ. ಕುಣಿದಷ್ಟೂ ಗಟ್ಟಿ ಆಗ್ತಾವೆ."

ಬಸ್ಸಿನ ತಲೆ ಮೇಲೆ ಮೆಣಸಿನಕಾಯಿ ಚೀಲಗಳ ನಡುವೆ ಕೂತು, ಮೊಣಕಾಲ ಸಂದಿನಲ್ಲಿ ಗಡಿಗೆ ಇಟ್ಟುಕೊಂಡು ಹರಿಹರದ ತನಕ ಕುಣಿದೆ, ಸೀನಿದೆ. ಹರಿಹರದಲ್ಲಿ ಕಂಡಕ್ಟರ್ ಏಣಿ ಹತ್ತಿ ಬಂದು ತಲೆ ಹಾಕಿದ. ಅಪ್ಪನೇ ಕಳಿಸಿದ್ದಂತೆ. ಪರವಾಗಿಲ್ಲ, ಹೆತ್ತ ಕರುಳು ಅಂದುಕೊಂಡೆ.

"ನಿಮ್ಮಪ್ಪ ಕೇಳ್ತಾನೆ," ಅಂದ, "ಗಡಿಗೆ ಹೆಂಗೈತೆ ಅಂತ."

ಅಲ್ಲೇ ಆಣೆ ಮಾಡಿದೆ. ನನಗೊಬ್ಬ ಮಗ ಹುಟ್ಟಿ ಈ ವಯಸ್ಸಿಗೆ ಬಂದರೆ ಮುಂದಿನ ಸೀಟಿನಲ್ಲಿ ಅವನೇ ಕೂಡಬೇಕು. ಅವನು ಬ್ಯಾಡ ಅಂದ ದಿನ ಮಾತ್ರ ನಾನು ಕೂಡುವುದು.

೨. ಕೂತವರದೋ, ಬಂದವರದೋ

ಮುಂದೆ ನಾನೇ ಹರಿಹರ-ದಾವಣಗೆರೆ ಬಸ್ಸಿನ ಕಂಡಕ್ಟರ್ ಆದೆ. ದಿನಾ ಒಬ್ಬ ಯಜಮಾನರು ಬರುತ್ತಿದ್ದರು. ಅವರಿಗಿಂತ ಅರ್ಧ ಗಂಟೆ ಮೊದಲು ಅವರ ಮಗ. ಹದಿನಾರರ ಹುಡುಗ, ದಾವಣಗೆರೆಯಲ್ಲಿ ಹೈಸ್ಕೂಲು. ಖಾಲಿ ಬಸ್ಸಿನಲ್ಲಿ, ಕಾದ ತಗಡಿನ ಕೆಳಗೆ, ಮುಂದಿನ ಸೀಟು ಹಿಡಿದುಕೊಂಡು ಬೇಯುವುದು ಅವನ ಕೆಲಸ. ಅಪ್ಪ ಹೋಟೆಲಿನಲ್ಲಿ ಕಾಫಿ ಕುಡಿದು, ಎಲೆಅಡಿಕೆ ಹಾಕಿಕೊಂಡು ಬಂದ ಕೂಡಲೆ ಹುಡುಗ ಏಳಬೇಕು, ಅವರು ಕೂಡಬೇಕು, ಹುಡುಗ ದಾವಣಗೆರೆ ತನಕ ನಿಂತಿರಬೇಕು.

ಒಂದು ದಿನ ಹುಡುಗ ಏಳಲಿಲ್ಲ. ಕಾಲೂರಿ ಕೂತು ನನ್ನನ್ನೇ ಕೇಳಿದ, "ಕಂಡಕ್ಟರ್ರೇ, ಸೀಟು ಕೂತವರದೋ, ಬಂದವರದೋ?"

ಬಸ್ಸಿಗೆ ಬಸ್ಸೇ ನನ್ನ ಮುಖ ನೋಡಿತು. ನನ್ನ ಕಣ್ಣ ಮುಂದೆ ತುಪ್ಪದ ಗಡಿಗೆ ಬಂತು. "ಕೂತವರದು," ಅಂದೆ.

ಯಜಮಾನರು ಕಂಬಿ ಹಿಡಿದು ನಿಂತೇ ಬಂದರು. ದಾವಣಗೆರೆಯಲ್ಲಿ ಇಳಿಯುವಾಗ "ನಾಳೆಯಿಂದ ಬಸ್ಸಿಗೆ ಬರಬ್ಯಾಡ" ಅಂದರು. ಮಗನಿಗೆ ಹೇಳಿದ್ದು ಅಂತ ನಾನು ಪಾಪ ಅಂದೆ. ಹೇಳಿದ್ದು ನನಗೆ. ಅವರು ಬಸ್ಸಿನ ಮಾಲೀಕರ ಬೀಗರಂತೆ, ಯಾರೂ ನನಗೆ ಹೇಳಿರಲಿಲ್ಲ.

ವಾರದ ಮೇಲೆ ಅದೇ ಬಸ್ಸು ಎದುರಿಗೆ ಬಂತು. ನನ್ನ ಚರ್ಮದ ಚೀಲ ಆ ಹುಡುಗನ ಹೆಗಲ ಮೇಲಿತ್ತು. ದೊಡ್ಡ ರಜೆ ಮುಗಿಯುವ ತನಕ ಅವನೇ ಕಂಡಕ್ಟರಂತೆ. ನಿಂತು ಹೋಗುವುದು ಚೆನ್ನಾಗಿ ರೂಢಿಯಾಗಲಿ ಅಂತ ಅಪ್ಪನೇ ಕೊಡಿಸಿದ ಕೆಲಸ.

೩. ಬುತ್ತಿ ಥರ್ಡ್ ಕ್ಲಾಸಿನಲ್ಲಿ

ಬಸ್ಸಿನ ಸಹವಾಸವೇ ಬ್ಯಾಡ ಅಂತ ಹರಿಹರದ ಸ್ಟೇಶನ್ನಿನಲ್ಲಿ ಚಹಾದ ಕೆಟಲ್ ಹಿಡಿದೆ. ತಕರಾರು ಅಲ್ಲಿಗೂ ಬಂತು.

ದಾವಣಗೆರೆಯ ಬಟ್ಟೆ ವ್ಯಾಪಾರಿ ಸಾಹೇಬರೊಬ್ಬರು ಹುಬ್ಬಳ್ಳಿಗೆ ಮದುವೆಗೆ ಹೊರಟಿದ್ದರು. ತಮಗೂ ಬೀಬಿಯವರಿಗೂ ಸೆಕೆಂಡ್ ಕ್ಲಾಸು. ಮೀಸೆ ಚಿಗುರಿದ ಮೂವರು ಮಕ್ಕಳಿಗೆ, ಟ್ರಂಕು ಹಾಸಿಗೆ ಸಮೇತ, ಥರ್ಡ್ ಕ್ಲಾಸು. ಆ ರೈಲಿನಲ್ಲಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಒಳಗಿಂದ ದಾರಿಯಿಲ್ಲ. ಗಾಡಿ ಹರಿಹರಕ್ಕೆ ಬರುವ ಹೊತ್ತಿಗೆ ಸಾಹೇಬರಿಗೆ ಹಸಿವಾಯಿತು. ನೋಡಿದರೆ ಊಟದ ಬುತ್ತಿ ಮಕ್ಕಳ ಹತ್ತಿರ.

ಕಿಟಕಿಯಿಂದ ನನ್ನನ್ನು ಕರೆದರು. "ಅರೆ ಭಾಯಿ, ಸ್ವಲ್ಪ ಓಡಿ ಬುತ್ತಿ ತಂದುಕೊಡು." ಕೆಟಲ್ ಕುಲುಕಿಸುತ್ತ ಓಡಿದೆ. ದೊಡ್ಡ ಮಗ ಬಾಯಿ ತುಂಬ ತುಂಬಿಕೊಂಡಿದ್ದ. ಅಬ್ಬಾನೇ ಬಂದು ತಗೊಳ್ಳಲಿ, ಗುರುತಿಲ್ಲದವರ ಕೈಗೆ ಬುತ್ತಿ ಕೊಡಬ್ಯಾಡ ಅಂತ ಅವರೇ ಹೇಳ್ಯಾರೆ ಅಂದ. ವಾಪಸು ಓಡಿ ಹೇಳಿದೆ. ಸಾಹೇಬರು ಬೈಯುತ್ತ ತಾವೇ ಇಳಿದು ಹೋದರು. ಅವರು ಥರ್ಡ್ ಕ್ಲಾಸಿನೊಳಗೆ ತೂರಿ ಟ್ರಂಕು ಮುಟ್ಟುವಷ್ಟರಲ್ಲಿ ಗಾಡಿ ಸೀಟಿ ಹಾಕಿತು.

ನಾನು ಗಾಬರಿಯಿಂದ ಸೆಕೆಂಡ್ ಕ್ಲಾಸಿನ ಕಿಟಕಿ ಜೊತೆ ಓಡುತ್ತ, "ಅಮ್ಮಾ, ಸಾಹೇಬರು ಹಿಂದಿನ ಡಬ್ಬಿಯೊಳಗೇ ಉಳಿದ್ರು!" ಅಂತ ಕೂಗಿದೆ.

ಬೀಬಿಯವರು ಅಷ್ಟು ಹೊತ್ತಿಗೆ ಸಾಹೇಬರ ಜಾಗಕ್ಕೂ ಕಾಲು ಚಾಚಿದ್ದರು. "ಇರಲಿ ಬಿಡಪ್ಪಾ," ಅಂದರು. "ಇಪ್ಪತ್ತು ವರ್ಷದಲ್ಲಿ ಈಗ ಸ್ವಲ್ಪ ಗಾಳಿ ಆಡ್ತಾ ಐತೆ."

೪. ನನ್ನ ಸೀಟು

ಕೊನೆಗೆ ನನ್ನ ಮಗನಿಗೂ ಹದಿನಾಲ್ಕು ತುಂಬಿತು. ಅದೇ ಹೊತ್ತಿಗೆ ನನ್ನ ಬೆನ್ನು ಹಾಳಾಯಿತು. ದಾವಣಗೆರೆಯಲ್ಲಿ ಹತ್ತಿ ಅಂಡಿಗೆ ಹೊರಲು ಹೋಗಿ ಸೊಂಟ ಹಿಡಿದು, ನೆಲದ ಮೇಲೆ ಕೂತರೆ ಏಳಿಸಲು ಇಬ್ಬರು ಬೇಕು ಅನ್ನುವ ಹಾಗಾಗಿ ಊರು ಸೇರಿದ್ದೆ. ದಾವಣಗೆರೆಯ ಡಾಕ್ಟರಿಗೆ ತೋರಿಸಬೇಕು, ಮಗನನ್ನೂ ಅಲ್ಲೇ ಹೈಸ್ಕೂಲಿಗೆ ಸೇರಿಸಬೇಕು. ಮಲೆಬೆನ್ನೂರಿನಿಂದ ಬರುವ ಬಸ್ಸಿನ ಡ್ರೈವರ್ ನನ್ನ ಹಳೇ ಗೆಳೆಯ. ಹಿಂದಿನ ದಿನವೇ ಅವನ ಕೈಗೆ ನನ್ನ ಟವೆಲ್ ಕೊಟ್ಟಿದ್ದೆ, ಮುಂದಿನ ಸೀಟಿಗೆ ಹಾಸಿಕೊಂಡು ಬಾ ಅಂತ. ಒಂದೇ ಟವೆಲ್, ಒಂದೇ ಸೀಟು. ಆಣೆ ಮಗನ ಕಡೆ, ಸೊಂಟ ನನ್ನ ಕಡೆ. ರಾತ್ರಿಯೆಲ್ಲ ನಿದ್ದೆಯಿಲ್ಲ.

ಬೆಳಿಗ್ಗೆ ಇನ್ನೊಂದು ಫಜೀತಿ. ಅಪ್ಪ ಬಿಳಿ ರುಮಾಲು ಸುತ್ತಿಕೊಂಡು ತಯಾರಾಗಿ ನಿಂತಿದ್ದ. ದಾವಣಗೆರೆಯ ತಂಗಿಯನ್ನು ನೋಡಿ ಬಹಳ ದಿನ ಆಯಿತು, ನಾನೂ ಬರ್ತೀನಿ ಅಂದ. ಕೈಯಲ್ಲಿ ತುಪ್ಪದ ಗಡಿಗೆ.

ಬಸ್ಸು ಬಂತು. ಗಾಜಿನೊಳಗೆ ನನ್ನ ಟವೆಲ್ ಕಂಡಿತು. ಸೊಂಟ ಬೇಡಿಕೊಳ್ಳುತ್ತಿತ್ತು. ಆದರೂ ಎದೆ ಗಟ್ಟಿ ಮಾಡಿ ಮಗನನ್ನು ಪಕ್ಕಕ್ಕೆ ಕರೆದು, "ಮುಂದಿನ ಸೀಟಿನಲ್ಲಿ ನೀನು ಕೂಡಪ್ಪಾ," ಅಂದೆ.

ಅವನು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ. "ಅಲ್ಲಿ ಯಾರು ಕೂಡ್ತಾರಪ್ಪಾ? ಮುದುಕ್ರು ಕೂಡ್ತಾರೆ. ನಾನು ಟಾಪ್ ಮ್ಯಾಲೆ ಹೋಗ್ತೀನಿ," ಅಂತ ಏಣಿ ಹತ್ತಿಯೇ ಬಿಟ್ಟ.

ಇಂಥ ಮಗ ಯಾರಿಗುಂಟು! ಆಣೆ ಉಳಿಯಿತು, ಸೀಟೂ ಸಿಕ್ಕಿತು. ಸೊಂಟ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಹೋದೆ.

ಅಪ್ಪ ನನ್ನ ಟವೆಲ್ಲಿನ ಮೇಲೆ ಕೂತಿದ್ದ.

ಇದು ನನಗೆ ಹಿಡಿದ ಜಾಗ, ಡಾಕ್ಟರಿಗೆ ಹೊರಟವನು ನಾನು ಅಂತ ತಿಳಿಸಿ ಹೇಳಿದೆ. ಡ್ರೈವರ್ ಗೆಳೆಯ ರಸ್ತೆ ನೋಡಿದ. ಅಪ್ಪ ಟವೆಲ್ಲಿನ ತುದಿಯಿಂದ ಬೆವರು ಒರೆಸಿಕೊಂಡ.

"ಹುಡುಗ ಒಬ್ನೇ ಮ್ಯಾಲೆ ಅದಾನೆ. ಹೋಗಿ ಜೊತೆಗೆ ಕೂಡು," ಅಂದು ಗಡಿಗೆ ನನ್ನ ಕೈಗಿಟ್ಟ. "ನಿನ್ನ ಮೂಳೆ ಇನ್ನೂ ಹಸಿ ಅದಾವೆ."

ಕೆಳಗಿಂದ ಕಂಡಕ್ಟರ್, ಮೇಲಿಂದ ಮಗ, ಇಬ್ಬರೂ ಸೇರಿ ನನ್ನನ್ನು ಅಂಡಿಗೆಯ ಹಾಗೆ ಟಾಪಿಗೆ ಏರಿಸಿದರು. ಮತ್ತೆ ಅವೇ ಮೆಣಸಿನಕಾಯಿ ಚೀಲಗಳು. ರಸ್ತೆಯ ಗುಂಡಿಗೊಂದು ಸಲ ನನ್ನ ಪ್ರಾಣ ಹೋಗಿ ಬರುತ್ತಿತ್ತು. ಮಗ ಮಾತ್ರ ಗಾಳಿಗೆ ಬಾಯಿ ತೆರೆದುಕೊಂಡು ರಾಜನ ಹಾಗೆ ಕೂತಿದ್ದ.

ಹರಿಹರದಲ್ಲಿ ಬಸ್ಸು ನಿಂತಿತು. ಕಂಡಕ್ಟರ್ ಏಣಿ ಹತ್ತಿ ಬಂದು ತಲೆ ಹಾಕಿದ.

"ನಿಮ್ಮ ಅಪ್ಪಾರು ಕೇಳಿ ಬಾ ಅಂದ್ರು," ಅಂದ.

ಎಷ್ಟಾದರೂ ನನಗೂ ವಯಸ್ಸಾಯಿತು, ಸೊಂಟ ಬೇರೆ ಹೋಗಿದೆ, ಈ ಸಲವಾದರೂ ಅಪ್ಪ ನನ್ನನ್ನು ವಿಚಾರಿಸಿಯಾನು ಅಂತ ನರಳುತ್ತ ಅವನ ಕಡೆ ತಿರುಗಿದೆ.

ಅವನು ನನ್ನ ಮುಖ ನೋಡಲಿಲ್ಲ. ನನ್ನ ಮೊಣಕಾಲ ಸಂದಿಗೆ ಬಗ್ಗಿ ನೋಡಿ, "ಗಡಿಗೆ ನೆಟ್ಟಗೈತ್ರೀ ಅಜ್ಜಾರೇ!" ಅಂತ ಅಲ್ಲಿಂದಲೇ ಕೆಳಕ್ಕೆ ಕೂಗಿ ಇಳಿದು ಹೋದ.