ಕಾಣೆಯಾದ ಎರಡು ಇಂಚು

ಮೇಸ್ತ್ರಿಗೆ ಮೂರು ತಿಂಗಳಿಂದ ಒಂದೇ ಸಂಕಟ. ನಿಂತರೆ ಸರಿ, ಕೂತರೆ ಸರಿ, ಮಲಗಿದರೆ ಮಾತ್ರ ಎದೆಯೊಳಗೆ ಯಾರೋ ಒಲೆ ಹಚ್ಚಿದ ಹಾಗೆ. ತಿಂದದ್ದೆಲ್ಲ ಹುಳಿಯಾಗಿ ಗಂಟಲಿನವರೆಗೆ ಬಂದು, ಹಾಜರಿ ಹಾಕಿ, ವಾಪಸು ಹೋಗುತ್ತಿತ್ತು. ಎದ್ದು ಕೂತು ತೇಗುವುದು, ನೀರು ಕುಡಿಯುವುದು, ಮಲಗುವುದು, ಮತ್ತೆ ಏಳುವುದು. ಪಕ್ಕದಲ್ಲಿದ್ದ ಹೆಂಡತಿಗೂ ಜಾಗರಣೆ. ಆಕೆ ಬಟ್ಟೆ ಹೊಲಿಯುವವಳು. ನಿದ್ದೆಗಣ್ಣಿನಲ್ಲಿ ಯಾರದೋ ಅಂಗಿಗೆ ಎರಡೂ ಕಡೆ ಎಡತೋಳನ್ನೇ ಹೊಲಿದ ದಿನ ಆಕೆಯ ತಾಳ್ಮೆ ಮುಗಿಯಿತು.

“ಇವತ್ತು ಡಾಕ್ಟರ್ ಹತ್ರ ಹೋಗಿಲ್ಲ ಅಂದ್ರೆ, ನಾನು ಮೆಷಿನ್ ಪಕ್ಕ ಚಾಪೆ ಹಾಕ್ಕೊಂಡು ಮಲಗ್ತೀನಿ. ನೀವು, ನಿಮ್ಮ ತೇಗು ಸುಖವಾಗಿರಿ” ಎಂದಳು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ ಮೂರು ಮಾತು ಹೇಳಿದರು. ರಾತ್ರಿ ಊಟ ಎಂಟಕ್ಕೆ ಮುಗಿಸಿ, ಮಲಗುವುದಕ್ಕೆ ಮೂರು ಗಂಟೆ ಬಿಡಿ. ಸಂಜೆಯ ಮೇಲೆ ಕಾಫಿ ಬೇಡ. ಮಂಚದ ತಲೆಯ ಕಡೆ ಕಾಲುಗಳಿಗೆ ಏನಾದರೂ ಕೊಟ್ಟು ಆರು ಇಂಚು ಎತ್ತರಿಸಿ. ಮೊದಲ ಎರಡು ಮಾತು ಮೇಸ್ತ್ರಿಯ ಕಿವಿಗೆ ಬೀಳಲೇ ಇಲ್ಲ. (ಹತ್ತು ಗಂಟೆಗೆ ಕಂಠಪೂರ್ತಿ ಉಂಡು, ಮೇಲೊಂದು ಲೋಟ ಕಾಫಿ ಇಳಿಸಿ, ಕೈ ಒರೆಸಿಕೊಂಡು ನೇರ ಮಂಚಕ್ಕೆ ಬೀಳುವವನಿಗೆ ಬೀಳುವುದಾದರೂ ಹೇಗೆ?) ಮೂರನೆಯದು ಮಾತ್ರ ನೆಟ್ಟಗೆ ನಾಟಿತು. ಇಂಚಿನ ವಿಷಯ ಅವನ ಕಸುಬಿನದು.

ಕಸುಬು ಎಂದರೆ ಟೈಲ್ಸ್ ಹಾಕುವುದು. ಊರಿನ ಅರ್ಧ ಮನೆಗಳ ನೆಲ ಅವನ ಕೈಯಲ್ಲೇ ಆದದ್ದು. ಕೊಳವೆಯೊಳಗೆ ಗುಳ್ಳೆ ಓಡಾಡುವ ರಸಮಟ್ಟ ಸದಾ ಕಂಕುಳಲ್ಲಿ. ಯಾರ ಮನೆಗೆ ನೆಂಟನಾಗಿ ಹೋದರೂ ಮೊದಲು ಅದನ್ನು ನೆಲದ ಮೇಲಿಟ್ಟು, “ಈ ಕಡೆ ಕಾಲಿಂಚು ಇಳಿದಿದೆ, ಯಾರು ಮಾಡಿದ್ದು ಈ ಕೆಲಸ?” ಎಂದು ವಿಚಾರಿಸಿ, ಆಮೇಲೆ ಯೋಗಕ್ಷೇಮ. ಹಾಗಾಗಿ ಊರು ಅವನನ್ನು ‘ಮಟ್ಟದ ಮೇಸ್ತ್ರಿ’ ಎನ್ನುತ್ತಿತ್ತು. ಆ ಹೆಸರಿನ ಮೇಲೆ ಅವನಿಗೆ ಪ್ರಾಣ. ಅದೊಂದು ಹೋದರೆ, ಅವನಿಂದ ಇಷ್ಟು ವರ್ಷ ಬೈಸಿಕೊಂಡ ಮೇಸ್ತ್ರಿಗಳೆಲ್ಲ ಸಾಲಾಗಿ ನಿಂತು ನಗುತ್ತಾರೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮಂಚ ಎತ್ತಲು ಹೆಂಡತಿಯ ತಮ್ಮ ಬಂದ. ಅವನದು ಕಟಿಂಗ್ ಶಾಪ್. ಬೆಳಿಗ್ಗೆ ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಕೂದಲಿರುವ ಎಲ್ಲ ತಲೆಗಳಿಗೂ ತಲುಪುತ್ತಿತ್ತು. ಆ ದಿನ ಅಂಗಡಿಗೆ ರಜ, ಬಾಯಿಗಲ್ಲ.

“ಭಾವ, ಎರಡು ಇಟ್ಟಿಗೆ ಇಟ್ಟಿದ್ರೆ ಆಗ್ತಿರ್ಲಿಲ್ವಾ?”

“ಇಟ್ಟಿಗೆ ಒಂದರ ಹಾಗೆ ಇನ್ನೊಂದು ಇರಲ್ಲ. ನಿನ್ನ ಕತ್ತರಿ ಕೆಲಸ ಅಲ್ಲ ಇದು, ಒಂದಿಷ್ಟು ಹೆಚ್ಚುಕಮ್ಮಿ ಆದ್ರೆ ನಾಳೆ ಬೆಳೆಯುತ್ತೆ ಅನ್ನೋಕೆ” ಎಂದು ಮೇಸ್ತ್ರಿ, ಕರಾರುವಾಕ್ಕಾಗಿ ಆರು ಇಂಚಿಗೆ ಕೊಯ್ದು ಉಜ್ಜಿ ನುಣುಪು ಮಾಡಿದ ಎರಡು ಮರದ ತುಂಡುಗಳನ್ನು ಮಗುವನ್ನು ಎತ್ತಿಕೊಂಡಂತೆ ತಂದ.

ಮಂಚ ಎತ್ತಿದ್ದಾಯಿತು, ತುಂಡು ಕೊಟ್ಟಿದ್ದಾಯಿತು. ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಕೈ ಒರೆಸಿಕೊಳ್ಳುತ್ತಿದ್ದರು. ಮೇಸ್ತ್ರಿ ಕೆಲಸವನ್ನು ಅಳೆದು ನೋಡದೆ ಬಿಡುವವನಲ್ಲ. ನೀರು ತುಂಬಿದ ಪ್ಲಾಸ್ಟಿಕ್ ಟ್ಯೂಬಿನ ಒಂದು ತುದಿಯನ್ನು ತಲೆಯ ಕಡೆ ತಾನು ಹಿಡಿದು, ಇನ್ನೊಂದನ್ನು ಕಾಲಿನ ಕಡೆ ಭಾವಮೈದುನನಿಗೆ ಕೊಟ್ಟ. ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಂತಿತು. ಆ ನೀರಿನ ಗೆರೆಯಿಂದ ಎರಡೂ ಕಡೆ ಮಂಚಕ್ಕೆ ಟೇಪು ಹಿಡಿದು ನೋಡಿದರೆ, ಮಂಚದ ತಲೆ ಕಾಲಿಗಿಂತ ಎತ್ತರವಿದ್ದದ್ದು ನಾಲ್ಕೇ ಇಂಚು.

“ಆರು ಕೊಟ್ಟೆ, ನಾಲ್ಕು ಬಂತು. ಎರಡು ಎಲ್ಲಿ ಹೋಯ್ತು?”

“ನನ್ನ ಕಡೆ ನೋಡ್ಬೇಡಿ ಭಾವ, ನಾನು ತಗೊಂಡಿಲ್ಲ.”

ಮೇಸ್ತ್ರಿ ತುಂಡುಗಳನ್ನು ಅಳೆದ. ಆರು. ಟೇಪು ಹಳೆಯದಾಯಿತೆಂದು ಹೆಂಡತಿಯ ಹೊಲಿಗೆ ಟೇಪು ತಂದು ಅಳೆದ. ಅದೂ ಆರು. ಮಂಚ ಮಾಡಿದ ಬಡಗಿಯ ವಂಶವನ್ನೆಲ್ಲ ಬೈಯುತ್ತ ನಾಲ್ಕು ಕಾಲುಗಳನ್ನೂ ಅಳೆದ. ನಾಲ್ಕೂ ಒಂದೇ ಸಮ. ಇನ್ನು ಉಳಿದದ್ದು ನೆಲ. ನೆಲವನ್ನು ಅನುಮಾನಿಸುವುದು ಅವನಿಗೆ ಕನಸಿನಲ್ಲೂ ಹೊಳೆಯುತ್ತಿರಲಿಲ್ಲ. ಏಕೆಂದರೆ ಅದನ್ನು ಹಾಕಿದವನು ಅವನೇ.

ಮಂಚ ಸರಿಸಿ ಬರಿಯ ನೆಲದ ಮೇಲೆ ರಸಮಟ್ಟ ಇಟ್ಟ. ಗುಳ್ಳೆ ನಡುವೆ ಒಂದು ಕ್ಷಣವೂ ನಿಲ್ಲದೆ ಕಾಲಿನ ಕಡೆಗೆ ಓಡಿಹೋಯಿತು. ತಲೆಯ ಕಡೆ ಎರಡು ಇಂಚು ತಗ್ಗು. ಹತ್ತೊಂಬತ್ತು ವರ್ಷಗಳಿಂದ ಮಟ್ಟದ ಮೇಸ್ತ್ರಿ ತನ್ನದೇ ನೆಲದ ಮೇಲೆ ತಲೆ ಕೆಳಗೆ, ಹೊಟ್ಟೆ ಮೇಲೆ ಮಾಡಿಕೊಂಡು ಮಲಗುತ್ತಿದ್ದ. ಅವನು ಹಾಗೇ ನೆಲಕ್ಕೆ ಕೂತುಬಿಟ್ಟ.

ಹೊಲಿಗೆ ಮೆಷಿನ್ ನಿಂತಿತು. ಹೆಂಡತಿ ಬಾಗಿಲಲ್ಲಿ ಬಂದು ನಿಂತಳು.

“ಗೊತ್ತಾಯ್ತಾ?” ಎಂದಳು, ಮೆತ್ತಗೆ.

“ನಿನಗೆ ಗೊತ್ತಿತ್ತಾ?”

“ಮದುವೆಯಾಗಿ ಬಂದ ವಾರಾನೇ. ದಾರದ ಉಂಡೆ ಕೈಜಾರಿ ಬಿದ್ರೆ ಆ ಗೋಡೆ ಹತ್ರಾನೇ ಸಿಗೋದು. ನೆಲ ಒರೆಸಿದ ನೀರೂ ಅಲ್ಲೇ ನಿಲ್ಲೋದು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳೋಣ ಅಂತಲೇ ಬಾಯಿ ತೆಗೆದೆ. ಅಷ್ಟರಲ್ಲಿ ನೀವು, ‘ಈ ನೆಲದಲ್ಲಿ ಒಂದು ಕೂದಲೆಳೆ ತಪ್ಪು ತೋರ್ಸು, ಕಸುಬೇ ಬಿಟ್ಟುಬಿಡ್ತೀನಿ’ ಅಂದ್ರಿ. ಹೊಸ ಸಂಸಾರ. ಕಸುಬು ಬಿಟ್ರೆ ಊಟಕ್ಕೇನು ಮಾಡೋದು ಅಂತ ಸುಮ್ಮನಾದೆ.”

ಮೇಸ್ತ್ರಿಗೆ ಎಲ್ಲ ನೆನಪಾಯಿತು. ಮದುವೆಗೆ ಎಂಟೇ ದಿನ ಉಳಿದಿತ್ತು. ಹುಡುಗಿಯನ್ನು ನೆನೆಯುತ್ತ, ಶಿಳ್ಳೆ ಹಾಕುತ್ತ, ಇಡೀ ಮನೆಯ ನೆಲ ಮುಗಿಸಿದ್ದ. ಜೀವನದಲ್ಲಿ ಒಮ್ಮೆ ಮಾತ್ರ ರಸಮಟ್ಟ ಇಡುವುದನ್ನು ಮರೆತಿದ್ದ, ಅದೂ ಇವಳಿಗಾಗಿ. ಹಾಗೆಂದು ಹೇಳಲು ನಾಚಿಕೆಯಾಯಿತು. ಹೇಳಿದ್ದರೆ ಚೆನ್ನಾಗಿತ್ತೋ ಏನೋ. ಅಷ್ಟರಲ್ಲಿ ಭಾವಮೈದುನ ಚಪ್ಪಲಿ ಮೆಟ್ಟುತ್ತಿರುವುದು ಕಣ್ಣಿಗೆ ಬಿತ್ತು. ಅವನ ಮುಖದಲ್ಲಿ ಹೊಸ ಸುದ್ದಿಯ ಕಳೆ ಉಕ್ಕುತ್ತಿತ್ತು.

“ಲೇ, ಯಾರಿಗೂ ಹೇಳ್ಬೇಡ ಅಂತ ಅವನಿಗೆ ಹೇಳೇ” ಎಂದು ಮೇಸ್ತ್ರಿ ಪಿಸುಗುಟ್ಟಿದ. “ನಾಳೆ ನಾನು ಹೊರಗೆ ತಲೆ ಎತ್ತೋ ಹಾಗಿಲ್ಲ.”

“ಹೇಳ್ತೀನಿ. ನನ್ನ ಮಾತು ಅಂದ್ರೆ ಬಾಯಿ ಹೊಲ್ಕೊಂಡು ಕೂರ್ತಾನೆ” ಎಂದಳು ಹೆಂಡತಿ. “ಇವತ್ತಿಂದ ಊಟ ಎಂಟಕ್ಕೆ. ಸಂಜೆ ಕಾಫಿ ಇಲ್ಲ. ಆಗುತ್ತಾ?”

“ಮನುಷ್ಯ ಎಂಟಕ್ಕೆ ಊಟ ಮಾಡೋದು ಹೇಗೇ? ಎಂಟು ಅಂದ್ರೆ ಸಂಜೆ.”

“ಲೋ ತಮ್ಮ, ನೀನು ಹೊರಡಪ್ಪ. ಸಂಜೆ ಆಯ್ತಂತೆ.”

“ಆಗುತ್ತೆ” ಎಂದ ಮೇಸ್ತ್ರಿ.

ಮಂಚವನ್ನು ತಿರುಗಿಸಿದರು. ತಲೆಯ ಕಡೆಗೆ ನೆಲವೇ ಎರಡು ಇಂಚು ಕೊಡುತ್ತಿದ್ದುದರಿಂದ ಚೆಂದದ ತುಂಡುಗಳನ್ನು ನಾಲ್ಕಕ್ಕೆ ಕೊಯ್ಯಬೇಕಾಯಿತು. ಎಂಟಕ್ಕೆ ಊಟ, ಕಾಫಿಯ ಹೊತ್ತಿಗೆ ಬಿಸಿನೀರು, ಹನ್ನೊಂದಕ್ಕೆ ಹಾಸಿಗೆ. ಮಲಗಿ ಐದು ನಿಮಿಷವಾಯಿತು, ಹತ್ತಾಯಿತು. ಒಲೆ ಹತ್ತಲಿಲ್ಲ, ಹುಳಿ ಮೇಲೇರಲಿಲ್ಲ. ಮೂರು ತಿಂಗಳ ಮೇಲೆ ಎದೆ ತಣ್ಣಗಿತ್ತು. ಕಣ್ಣು ಇನ್ನೇನು ಅಂಟಬೇಕು, ಅಷ್ಟರಲ್ಲಿ ಅಡುಗೆಮನೆ ನೆನಪಾಯಿತು. ಅದರ ನೆಲವೂ ಆ ಎಂಟು ದಿನಗಳಲ್ಲೇ ಆದದ್ದು.

“ಲೇ, ಅಡುಗೆಮನೆ ನೆಲ ಸರಿಯಾಗಿದೆ ತಾನೆ?”

ಹೆಂಡತಿ ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡಳು. “ಇವತ್ತಿಗೆ ಇಷ್ಟು ಸಾಕು. ಮಲ್ಕೊಳ್ಳಿ.”

ಎರಡೇ ನಿಮಿಷಕ್ಕೆ ಆಕೆಯ ಗೊರಕೆ ಶುರುವಾಯಿತು. ಎಷ್ಟೋ ದಿನಗಳ ಬಾಕಿ ನಿದ್ದೆ. ಮೇಸ್ತ್ರಿ ಮಾತ್ರ ತಣ್ಣಗಿನ ಎದೆಯ ಮೇಲೆ ಕೈಯಿಟ್ಟುಕೊಂಡು, ಬೆಳಗಾಗುವವರೆಗೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದ.