ಅಡ್ಡ ನಿಂತ ಅಪ್ಪ

ಮಗಳ ಸೀಮಂತದ ದಿನವೇ ಪೆಟ್ ಸ್ಕ್ಯಾನಿಗೆ ಹೋದದ್ದು ಲೋಕನಾಥನ ಮೊದಲ ತಪ್ಪು. ಶ್ವಾಸಕೋಶದ ಗಂಟು ಎಂಥದ್ದೆಂದು ತಿಳಿಯಲು ಡಾಕ್ಟರು ಕೊಟ್ಟ ತಾರೀಕೇ ಅದು. ಬಸುರಿ ಮಗಳು ಹೆದರಿಯಾಳೆಂದು ಯಾರಿಗೂ ಹೇಳಿರಲಿಲ್ಲ.

ಟೆಕ್ನಿಷಿಯನ್ ಭವ್ಯಶ್ರೀ ಅವನ ಕೈಗೆ ಸೂಜಿ ಚುಚ್ಚಿ, ಏನನ್ನೋ ತಳ್ಳಿ, ಪಾಠ ಒಪ್ಪಿಸಿದಳು. "ಮದ್ದಿನಿಂದ ಪಾಸಿಟ್ರಾನ್ ಬರ್ತದೆ ಅಂಕಲ್. ಎಲೆಕ್ಟ್ರಾನ್ ಸಿಕ್ಕಿದ ಕೂಡ್ಲೇ ಎರಡೂ ಮಾಯ! ಎರಡು ಗಾಮಾ ಕಿರಣ ಹೊರಡ್ತವೆ. ಒಂದು ಈ ಕಡೆ, ಇನ್ನೊಂದು ಸರೀ ವಿರುದ್ಧ ಕಡೆ. ಆ ಗೆರೆ ಹಿಡಿದೇ ಮೆಷಿನ್ ಗಂಟು ಹುಡುಕುವುದು. ರಾತ್ರಿವರೆಗೆ ಬಸುರಿಯರ ಹತ್ತಿರ ಹೋಗ್ಬೇಡಿ. ಈಗ ಒಳಗೆ ಕೂತಿರಿ."

ಗಂಟೆ ಕಳೆದರೂ ಯಾರೂ ಕರೆಯಲಿಲ್ಲ. ಹೆಂಡತಿ ತೀರಿಹೋದ ಮೇಲೆ, ತವರಿನ ಸೀರೆ ಕೊಟ್ಟು ಮಗಳನ್ನು ಹೆರಿಗೆಗೆ ಕರೆತರಲು ಇದ್ದವನು ಅವನೊಬ್ಬನೇ. ಮದ್ದು ಹೊಕ್ಕಾಯಿತಲ್ಲ, ಪಟ ಸಂಜೆ ತೆಗೆಯಲಿ ಎಂದು ಅಂಗಿಯ ತೋಳು ಇಳಿಸಿ, ಸೀಮಂತ ನಡೆಯುತ್ತಿದ್ದ ಕಾವೂರಿನ ಹಾಲಿಗೆ ಓಡಿದ.

ಕಿರಣ ಎದೆಯಿಂದ ಮುಂದಕ್ಕೊಂದು, ಹಿಂದಕ್ಕೊಂದು ಹೋಗುವುದಾದರೆ ಮಗಳ ಕಡೆಗೆ ಪಕ್ಕೆ ತಿರುಗಿಸಿ ಅಡ್ಡ ನಿಂತರಾಯಿತು. ಇದು ಲೋಕನಾಥನ ವಿಜ್ಞಾನ. ಜೋಡಿಕಿರಣ ಯಾವ ದಿಕ್ಕಿಗೂ ಹೊರಟೀತೆಂದು, ಪಾಪ, ಅವನಿಗೆ ಯಾರೂ ಹೇಳಿರಲಿಲ್ಲ. ಹಾಲಿನೊಳಗೆ ಏಡಿಯಂತೆ ಸರಿದ.

"ಎಂತ ಲೋಕಣ್ಣ, ಅಡ್ಡಡ್ಡ ನಡೆಯುವುದು? ಉಳುಕಿದೆಯಾ?" ಪಕ್ಕದ ಮನೆಯ ಮಗ್ದಲೀನ್ ಬಾಯಿ ಇಡೀ ಹಾಲಿಗೆ ಕೇಳುವಂತೆ ಕೇಳಿದರು. "ಹೋಗಿ ಮಾರಾಯ್ರೆ, ಮಗಳಿಗೆ ಹೂ ಮುಡಿಸಿ!"

ಅವನು ಸೀರೆಯನ್ನೂ ಹೂವನ್ನೂ ಮಗ್ದಲೀನ್ ಬಾಯಿಯ ಕೈಗೇ ತುರುಕಿದ. ಮಗಳು ಸಂಚಿತಾ ಕಾಲಿಗೆ ಬೀಳಲು ಬಂದಾಗ, ಹಾವು ಕಂಡವನಂತೆ ಹಾರಿ ಪಾಯಸದ ಪಾತ್ರೆಗೆ ಆತುಕೊಂಡ. ಎಲ್ಲರೂ ನಕ್ಕರು. ಅವಳೊಬ್ಬಳು ನಗಲಿಲ್ಲ.

ಊಟವಾಗಿ, ಮಗಳನ್ನು ತವರಿಗೆ ಒಯ್ಯುವ ಕಾರು ಬಂತು.

"ನೀನು ಮಗ್ದಲೀನ್ ಬಾಯಿಯ ಜೊತೆ ಹೋಗು ಮಗಾ, ನಾನು ಬಸ್ಸಲ್ಲಿ ಬರ್ತೇನೆ. ಇವತ್ತೊಂದು ದಿನ ಅವರ ಮನೇಲೇ ಮಲಗು."

"ನನ್ನ ಮುಖ ಕೂಡ ನೋಡ್ಲಿಲ್ಲ ಪಪ್ಪ ನೀವು. ಅಮ್ಮ ಇದ್ದಿದ್ರೆ ನಾನು ಪಕ್ಕದ ಮನೆಯಲ್ಲಿ ಮಲಗಬೇಕಿತ್ತಾ? ಬೇಡ, ಹೆರಿಗೆ ಸುರತ್ಕಲ್‌ನ ಅತ್ತೆ ಮನೆಯಲ್ಲೇ ಆಗ್ಲಿ." ಅವಳು ಗಂಡನ ಕಾರು ಹತ್ತಿದಳು. ಲೋಕನಾಥ ತಡೆಯಲು ಒಂದು ಹೆಜ್ಜೆ ಇಟ್ಟ. ಎದೆ ಅವಳ ಕಡೆಗಿದೆಯೆಂದು ನೆನಪಾಗಿ ಅಡ್ಡ ತಿರುಗಿದ.

ಬಸ್‌ಸ್ಟಾಪಿನಲ್ಲಿ ಫೋನು ಬಂತು.

"ಅಂಕಲ್, ಎಲ್ಲಿ ಹೋದ್ರಿ?" ಭವ್ಯಶ್ರೀ. "ಮದ್ದು ತರುವ ವಿಮಾನ ಲೇಟು ಅಂತ ಹೇಳ್ಲಿಕ್ಕೆ ಬಂದ್ರೆ ನೀವೇ ಇಲ್ಲ!"

"ಮದ್ದು ಆಗ್ಲೇ ಹಾಕಿದ್ರಲ್ಲ?"

"ಅದು ಸೂಜಿ ಸರಿ ಕೂತಿದೆಯಾ ನೋಡ್ಲಿಕ್ಕೆ ಬಿಟ್ಟ ಉಪ್ಪುನೀರು! ಊಟ ಮಾಡಿದ್ರಾ? ಹಾಗಾದ್ರೆ ನಾಳೆ ಖಾಲಿ ಹೊಟ್ಟೇಲಿ ಬನ್ನಿ. ಮನೇಲಿ ಬಸುರಿಯರು ಯಾರಾದ್ರೂ ಇದ್ದಾರಾ?"

ಸುರತ್ಕಲ್ ಕಡೆಗೆ ಹೊರಟ ಕಾರು ಆಗಲೇ ಕಣ್ಮರೆಯಾಗಿತ್ತು. ಅದರ ಸರೀ ವಿರುದ್ಧ ದಿಕ್ಕಿಗೆ ಮುಖ ಮಾಡಿ ಪಂಪ್‌ವೆಲ್‌ಗೆ ಹೋಗುವ ಬಸ್ಸು ಬಂದು ನಿಂತಿತು.

"ಇಲ್ಲಮ್ಮ," ಎಂದ ಲೋಕನಾಥ. "ಈಗ ಯಾರೂ ಇಲ್ಲ."